ತಾಳೆಯ ಗೊಂಚಲು, ಶಿಡ್ಲಘಟ್ಟದ ಪ್ಯೂಪಾ

ಮಲೇಷ್ಯಾ, ಇಂಡೋನೇಷ್ಯಾಗಳ ತಾಳೆ ಗಿರಣಿಗಳಲ್ಲಿ ಹಣ್ಣು ಬಿಡಿಸಿದ ಮೇಲೆ ಉಳಿಯುವ ಖಾಲಿ ಗೊಂಚಲನ್ನು ಸಕ್ಕರೆಯಾಗಿ ಒಡೆದು, ಅದನ್ನು ಯೀಸ್ಟಿಗೆ ಉಣಿಸಿ, ಯೀಸ್ಟಿನ ಮೈಯಲ್ಲಿ ಕೂಡುವ ಕೊಬ್ಬಿನಿಂದ ಡೀಸೆಲ್ ತಯಾರಿಸುವ ಸಂಶೋಧನೆ ಭರದಿಂದ ಸಾಗಿದೆ. ತ್ಯಾಜ್ಯ ಇದ್ದಲ್ಲೆಲ್ಲ ಇದು ಸಾಧ್ಯ ಎಂದು ಇದನ್ನು ಓದಿಕೊಂಡರೆ ತಪ್ಪಾಗುತ್ತದೆ. ತಾಳೆಯ ನಿಜವಾದ ಅನುಕೂಲ ಅದರ ಜೀವರಸಾಯನದಲ್ಲಿಲ್ಲ. ಗೊನೆಯ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಕಸ ಗಿರಣಿಯ ಅಂಗಳದಲ್ಲೇ ಬಂದು ಬೀಳುತ್ತದೆ, ಅನುಕೂಲ ಇರುವುದು ಅಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅಂಥ ಅಂಗಳ ಯಾವುದು ಎಂದು ಕೇಳಿದವರು ವಿರಳ.

ಸೂಕ್ಷ್ಮಾಣು ಎಣ್ಣೆಯ ಕಲ್ಪನೆ ಹೊಸದಲ್ಲ. ಮೊದಲ ಮಹಾಯುದ್ಧದ ಕಾಲಕ್ಕೇ ಜರ್ಮನಿ ಅದನ್ನು ಪ್ರಯತ್ನಿಸಿತ್ತು. ಹಲ್ ವಿಶ್ವವಿದ್ಯಾಲಯದ ಕಾಲಿನ್ ರ‍್ಯಾಟ್ಲೆಜ್ ಮತ್ತು ಸಂಗಡಿಗರು ಮುಂದೆ ಅದರ ಒಳಗುಟ್ಟು ಬಿಡಿಸಿದರು: ಸಾರಜನಕ ಮುಗಿದು ಸಕ್ಕರೆ ಉಳಿದಾಗಲೇ ಯೀಸ್ಟ್ ಕೊಬ್ಬು ಕೂಡಿಡುತ್ತದೆ. ನಮ್ಮಲ್ಲಿ ಜೈವಿಕ ಇಂಧನದ ವಿಚಾರ ಬೆಳೆದದ್ದು ಬೇರೆ ದಾರಿಯಲ್ಲಿ, ಹೊಂಗೆಯ ನೆರಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯನ್ನು ರಾಸಾಯನಿಕವಾಗಿ ಬದಲಿಸದೆ ನೇರವಾಗಿ ಡೀಸೆಲ್ ಎಂಜಿನ್ನಿಗೆ ಹಾಕಬಹುದೆಂದು ತೋರಿಸಿದರು. ಕಗ್ಗನಹಳ್ಳಿಯಲ್ಲಿ ಅದೇ ಎಣ್ಣೆಯ ಬಲದಿಂದ ಕೊಳವೆಬಾವಿಯ ನೀರು ಮೇಲೆ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನದ ಬಳಿಯ ಮಡೇನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಕಟ್ಟಿತು, 2009ರಲ್ಲಿ ರಾಜ್ಯಕ್ಕೆ ಜೈವಿಕ ಇಂಧನ ನೀತಿ ಬಂತು. ಮೊದಲೇ ಊರಲ್ಲಿದ್ದ ಮರ, ಊರಲ್ಲೇ ಗಾಣ, ಹಿಂಡಿ ಮತ್ತೆ ಹೊಲಕ್ಕೆ ಗೊಬ್ಬರ: ಈ ಪರಂಪರೆಯನ್ನು ಹಳ್ಳಿಯ ಲೆಕ್ಕಾಚಾರ ಬಲ್ಲವರು ಕಟ್ಟಿದ್ದು. ಅದೇ ಕಾಲದಲ್ಲಿ ಇನ್ನೊಂದು ಎಣ್ಣೆಬೀಜದ ಗಿಡವಾದ ಜಟ್ರೋಪಕ್ಕೆ ಸಿಕ್ಕ ಪ್ರಚಾರಕ್ಕೆ ಇಂಥ ಬೇರಿರಲಿಲ್ಲ. ಆದರೂ ಹೊಂಗೆ ಸೊರಗಿತು, ಎಂಜಿನ್ನಿನಿಂದಲ್ಲ, ಚದುರಿದ ಬೀಜವನ್ನು ಆಯ್ದು ತರುವ ಕೂಲಿಯಿಂದ.

ಹಾಗಾದರೆ ಆಯುವ ಕೂಲಿಯೇ ಇಲ್ಲದ ಕಚ್ಚಾವಸ್ತು ಎಲ್ಲಿದೆ? ಚಿಕ್ಕಬಳ್ಳಾಪುರ ಜಿಲ್ಲೆಯ ರೇಷ್ಮೆಯ ಊರು ಶಿಡ್ಲಘಟ್ಟದಲ್ಲಿದೆ. ರೇಷ್ಮೆಗೂಡಿನ ಹಸಿತೂಕದ ಸುಮಾರು ಐದರಲ್ಲಿ ನಾಲ್ಕು ಪಾಲು ಒಳಗಿನ ಪ್ಯೂಪಾ, ಅಂದರೆ ಕೋಶಾವಸ್ಥೆಯ ಹುಳು. ಬಿಸಿನೀರಿನ ಬೇಸಿನ್ನಿನಲ್ಲಿ ನೂಲು ಬಿಚ್ಚಿ ಮುಗಿದಾಗ ಅದು ಬಿಚ್ಚಾಣಿಕೆದಾರರ ಕೈಯಲ್ಲೇ ಉಳಿಯುತ್ತದೆ. ಒಣಗಿಸಿದರೆ ಸುಮಾರು ಕಾಲುಭಾಗ ಎಣ್ಣೆ. ತಾಳೆ ಗಿರಣಿಯ ಅಂಗಳಕ್ಕೆ ನಮ್ಮಲ್ಲಿ ಸಮನಾದದ್ದು ಇದೇ. ಆದರೆ ಯೀಸ್ಟಿನವರು ಆತುರಪಡಬಾರದು. ಎಣ್ಣೆ ತೆಗೆದ ಪ್ಯೂಪಾದ ಹಿಂಡಿ, ರೇಷ್ಮೆಯ ಅಂಟಾದ ಸೆರಿಸಿನ್ ತುಂಬಿದ ಬೇಸಿನ್ನಿನ ನೀರು ಎರಡೂ ಸಾರಜನಕದ ಗಣಿ. ಅವನ್ನೇ ಉಣಿಸಿದರೆ ಯೀಸ್ಟ್ ಬೆಳೆಯುತ್ತದೆ, ಕೊಬ್ಬು ಕೂಡಿಡುವುದಿಲ್ಲ. ಸಕ್ಕರೆ ಬೇರೆ ಕಡೆಯಿಂದ ಬರಬೇಕು: ಗೌರಿಬಿದನೂರು ಸೀಮೆಯ ಮುಸುಕಿನ ಜೋಳದ ದಿಂಡು, ಚಿಂತಾಮಣಿಯ ತೋಟಗಳ ಹಿಪ್ಪುನೇರಳೆ ಕಡ್ಡಿ. ನೂರು ಕಿಲೋ ಸಕ್ಕರೆಗೆ ಇಪ್ಪತ್ತು ಕಿಲೋ ಎಣ್ಣೆ ಬಂದರೆ ಒಳ್ಳೆಯ ಇಳುವರಿ. ಅದಕ್ಕೂ ದಿನಗಟ್ಟಲೆ ಗಾಳಿ ಊದಬೇಕು, ವಿದ್ಯುತ್ ಸುಡಬೇಕು. ಆದ್ದರಿಂದ ಮೊದಲ ಸರದಿ ಪ್ಯೂಪಾದ ಸಿದ್ಧ ಎಣ್ಣೆಯದು, ಯೀಸ್ಟಿನದು ಎರಡನೆಯದು.

ಪ್ಯೂಪಾ ಕಸವಲ್ಲ, ಕೋಳಿ ಮತ್ತು ಮೀನಿನ ಮೇವಿಗೆ ಮಾರಾಟವಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಡ್ಡಿಯೂ ಒಲೆಗೆ ಹೋಗುತ್ತದೆ. ಆದರೆ ಎಣ್ಣೆ ತೆಗೆದ ಹಿಂಡಿಯಲ್ಲಿ ಪ್ರೋಟೀನಿನ ಪಾಲು ಹೆಚ್ಚುತ್ತದೆ, ಮೇವಿನ ಬೆಲೆ ಕೈತಪ್ಪುವುದಿಲ್ಲ. ಕಡ್ಡಿಯ ವಿಷಯದಲ್ಲಿ ಮಾತ್ರ ಒಲೆಯವರ ಹಕ್ಕು ಮೊದಲು, ಸೌದೆ ಕಸಿದು ಮಾಡುವ ಇಂಧನ ಬೇಡ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಹಸಿ ಪ್ಯೂಪಾ ಬೇಗ ಕೊಳೆಯುತ್ತದೆ, ಎಣ್ಣೆಯಲ್ಲಿ ಆಮ್ಲ ಏರುತ್ತದೆ, ಡೀಸೆಲ್ ಮಾಡಲು ಕ್ಷಾರ ಹಾಕಿದರೆ ಅದರ ಬದಲು ಸೋಪು ಕಟ್ಟುತ್ತದೆ. ಲಿನೊಲೆನಿಕ್ ಆಮ್ಲ ಹೆಚ್ಚಿರುವುದರಿಂದ ಆ ಡೀಸೆಲ್ ದಾಸ್ತಾನಿನಲ್ಲಿ ಬಾಳುವುದೂ ಕಡಿಮೆ. ಇದರ ಉತ್ತರ ಪ್ರಯೋಗಾಲಯದಲ್ಲಿಲ್ಲ, ನೂಲು ಬಿಚ್ಚಿದ ದಿನವೇ ಒಣಗಿಸುವ ವ್ಯವಸ್ಥೆಯಲ್ಲಿದೆ. ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯ ಹತ್ತಿರದಲ್ಲೇ ಇದೆ. ಯಾವ ಬೆಳೆಯ ಗೂಡಿನ ಪ್ಯೂಪಾದಲ್ಲಿ ಎಷ್ಟು ತೇವ, ಎಷ್ಟು ಎಣ್ಣೆ, ಎಷ್ಟು ಆಮ್ಲ ಎಂದು ವರ್ಷವಿಡೀ ಅಳೆಯುವ ಕೆಲಸಕ್ಕೆ ಸರ್ಕಾರ ಹಣ ಒದಗಿಸಲಿ. ಯೀಸ್ಟಿನ ಟ್ಯಾಂಕು ಕೊಳ್ಳುವ ಮುನ್ನ ಶಿಡ್ಲಘಟ್ಟಕ್ಕೆ ಬೇಕಾದದ್ದು ಒಂದು ಸಾಮೂಹಿಕ ಒಣಗಿಸುವ ಕೇಂದ್ರ.