ಆಟದ ಬಯಲಾದ ಕೆರೆಯಂಗಳಗಳು

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಳಗಿನ ಹೊತ್ತು ಓಟದ ಅಭ್ಯಾಸ ಮಾಡುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ತಾವು ಓಡುತ್ತಿರುವುದು ಒಂದು ಕೆರೆಯ ಮೇಲೆ ಎಂಬುದು ಗೊತ್ತಿರಲಾರದು. ಕ್ರೀಡಾಂಗಣದ ಮಗ್ಗುಲಲ್ಲೇ, ಕಬ್ಬನ್ ಪಾರ್ಕಿನ ಮರಗಳ ನೆರಳಿಗೆ ಹೊಂದಿಕೊಂಡಂತೆ ಒಂದು ಸಣ್ಣ ಕಲ್ಯಾಣಿಯಿದೆ. ವರ್ಷವಿಡೀ ಅದನ್ನು ಗಮನಿಸುವವರು ಕಡಿಮೆ. ಆದರೆ ಚೈತ್ರಮಾಸದಲ್ಲಿ ಕರಗದ ಉತ್ಸವ ಬಂತೆಂದರೆ, ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ವೀರಕುಮಾರರು ಕತ್ತಿ ಹಿಡಿದು ಇಲ್ಲಿಗೆ ಬರುತ್ತಾರೆ. ಹುಣ್ಣಿಮೆಗೆ ಮುನ್ನ ಹಸಿ ಕರಗದ ಪೂಜೆ ನಡೆಯುವುದು ಇಲ್ಲಿಯೇ. ಊರೆಲ್ಲ ಮರೆತ ಸಂಪಂಗಿ ಕೆರೆಯನ್ನು ಕರಗದ ಜನ ಮಾತ್ರ ಇಂದಿಗೂ ಮರೆತಿಲ್ಲ.

ಕಂಠೀರವದ್ದು ಒಂಟಿ ಕಥೆಯಲ್ಲ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ನಿಂತಿರುವುದು ಶೂಲೆ ಕೆರೆಯ ಅಂಗಳದಲ್ಲಿ. ಶಾಂತಿನಗರದ ಹಾಕಿ ಕ್ರೀಡಾಂಗಣದ ನೆಲ ಅಕ್ಕಿತಿಮ್ಮನಹಳ್ಳಿ ಕೆರೆಯದು. ಗಾಲ್ಫ್ ಆಟದ ಹಸಿರು ಹಾಸು ಚಲ್ಲಘಟ್ಟ ಕೆರೆಯ ಮೇಲೆ ಹರಡಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರಿಗಾಗಿ ಎದ್ದ ಕ್ರೀಡಾಗ್ರಾಮಕ್ಕೂ ಕೋರಮಂಗಲದ ಕೆರೆಯಂಗಳವೇ ಜಾಗ ಕೊಟ್ಟಿತು. ಬೆಂಗಳೂರಿನ ಕ್ರೀಡಾ ಇತಿಹಾಸವನ್ನು ಬರೆಯಹೊರಟವರು ಅದರ ಕೆರೆಗಳ ಇತಿಹಾಸವನ್ನೂ ಬರೆಯಬೇಕಾಗುತ್ತದೆ.

ನದಿಯಿಲ್ಲದ ಊರು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಬೆಂಗಳೂರಿಗೆ ದೊಡ್ಡ ನದಿಯ ಆಸರೆಯಿಲ್ಲ. ಬಿದ್ದ ಮಳೆ ಇಳಿಜಾರು ಹಿಡಿದು ಊರಾಚೆ ಹರಿದುಹೋಗುತ್ತದೆ. ಹೀಗೆ ಓಡುವ ನೀರನ್ನು ತಡೆದು ನಿಲ್ಲಿಸದಿದ್ದರೆ ಇಲ್ಲಿ ಊರು ಕಟ್ಟುವುದು ಸಾಧ್ಯವೇ ಇರಲಿಲ್ಲ. 1537ರಲ್ಲಿ ಪೇಟೆಯನ್ನು ಕಟ್ಟಿದನೆಂದು ಹೇಳಲಾಗುವ ಕೆಂಪೇಗೌಡ ಮತ್ತು ಅವನ ವಂಶಸ್ಥರು ಕೋಟೆ, ಗುಡಿಗಳಿಗೆ ಕೊಟ್ಟಷ್ಟೇ ಗಮನವನ್ನು ಕೆರೆಗಳಿಗೂ ಕೊಟ್ಟದ್ದು ಈ ಕಾರಣಕ್ಕೆ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಹೆಸರುಗಳು ಊರಿನ ಹುಟ್ಟಿನೊಂದಿಗೇ ಬೆಸೆದುಕೊಂಡಿವೆ.

ಕೆರೆಯೆಂದರೆ ಬರಿಯ ನೀರಿನ ಗುಂಡಿಯಲ್ಲ, ಅದೊಂದು ಏರ್ಪಾಡು. ಇಳಿಜಾರಿಗೆ ಅಡ್ಡಲಾಗಿ ಏರಿ, ಗದ್ದೆ ತೋಟಗಳಿಗೆ ನೀರು ಬಿಡಲು ತೂಬು, ತುಂಬಿದ ಮೇಲೆ ಹೆಚ್ಚಾದದ್ದು ಹರಿದುಹೋಗಲು ಕೋಡಿ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತದೆ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಹೂಳೆತ್ತಿದರೆ ಅದೇ ಹೊಲಕ್ಕೆ ಗೊಬ್ಬರ. ಒಂದು ಕೆರೆ ಹಾಳಾದರೆ ಆ ಸರಪಣಿಯ ಒಂದು ಕೊಂಡಿ ಕಳಚಿದಂತೆ.

ಆಟದ ಬಯಲುಗಳಾದ ಸಂಪಂಗಿ, ಶೂಲೆ, ಅಕ್ಕಿತಿಮ್ಮನಹಳ್ಳಿ, ಕೋರಮಂಗಲ, ಚಲ್ಲಘಟ್ಟ, ಈ ಕೆರೆಗಳೆಲ್ಲವೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಅಂದರೆ ಆಗ್ನೇಯಕ್ಕೆ ಇಳಿಯುವ ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಸೇರಿದವು ಎಂಬುದು ಗಮನಿಸತಕ್ಕ ಸಂಗತಿ. ಈ ಕಣಿವೆಯ ನೀರೆಲ್ಲ ಕೊನೆಗೆ ಬಂದು ಸೇರುವುದು ಬೆಳ್ಳಂದೂರು ಕೆರೆಗೆ.

ನೀರು ಬೇಕೆಂದವರು, ಬೇಡವೆಂದವರು

ಸಂಪಂಗಿ ಕೆರೆ ಇದ್ದದ್ದು ಎರಡು ಊರುಗಳ ನಡುವೆ. ಪಶ್ಚಿಮಕ್ಕೆ ಹಳೆಯ ಪೇಟೆ. ಪೂರ್ವಕ್ಕೆ 1809ರಿಂದ ಬೆಳೆಯತೊಡಗಿದ ಬ್ರಿಟಿಷರ ದಂಡುಪ್ರದೇಶ. ಕೆರೆಯ ಕೆಳಗಿನ ತೋಟಗಳಲ್ಲಿ ತಿಗಳ ಸಮುದಾಯದವರು ಹೂವು, ತರಕಾರಿ ಬೆಳೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ದಂಡಿನವರಿಗೂ ಈ ಕೆರೆಯ ನೀರು ಬೇಕಾಗಿತ್ತು. ಹಾಗಾಗಿ ಎರಡೂ ಕಡೆಯವರಿಗೆ ಅದರ ಯೋಗಕ್ಷೇಮದಲ್ಲಿ ಆಸಕ್ತಿಯಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ನಲ್ಲಿ. ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಜಲಾಶಯದಿಂದ 1896ರ ಹೊತ್ತಿಗೆ ಕೊಳವೆ ನೀರು ಬೆಂಗಳೂರಿಗೆ ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರೂ ಸೇರಿಕೊಂಡಿತು. ನೀರು ದೂರದಿಂದ ಮನೆ ಬಾಗಿಲಿಗೇ ಬರುವಾಗ ಊರೊಳಗಿನ ಕೆರೆಯ ಚಿಂತೆ ಯಾರಿಗೆ? ಕುಡಿಯುವ ನೀರಿನ ಮೂಲವಾಗಿದ್ದ ಕೆರೆ ಸೊಳ್ಳೆಗಳ ತವರಾಗಿ, ಮಲೇರಿಯಾದ ಕಾರಣವಾಗಿ ಕಾಣತೊಡಗಿತು. ನೀರು ಇಂಗಿದ ಕಡೆ ಪೋಲೊ ಆಡುವ ಪರಿಪಾಠ ಬೆಳೆಯಿತು. ತೋಟದವರಿಗೆ ಕೆರೆ ತುಂಬಿರಬೇಕು. ಆಟದವರಿಗೆ ಅಂಗಳ ಒಣಗಿರಬೇಕು. ದಂಡೆಯಲ್ಲಿ ಮನೆ ಕಟ್ಟಿಕೊಂಡವರಿಗೆ ನೀರು ಏರದಿದ್ದರೆ ಸಾಕು. ಈ ಮೂವರ ಹಗ್ಗಜಗ್ಗಾಟದಲ್ಲಿ ಸೋತವರು ತೋಟದವರೇ. 1930ರ ದಶಕದ ಕೊನೆಯ ವೇಳೆಗೆ ಸಂಪಂಗಿ ಕೆರೆಯಲ್ಲಿ ಉಳಿದದ್ದು ಒಂದು ಸಣ್ಣ ಚೌಕದಷ್ಟು ನೀರು ಮಾತ್ರ. ಕರಗದ ಆಚರಣೆಗೆ ಅದು ಬೇಕೇ ಬೇಕಾಗಿದ್ದರಿಂದ ಅಷ್ಟಾದರೂ ಉಳಿಯಿತು.

ಕೆರೆಯಂಗಳಗಳೇ ಏಕೆ ಕ್ರೀಡಾಂಗಣಗಳಾದವು ಎಂಬ ಪ್ರಶ್ನೆಗೆ ಉತ್ತರ ಕಷ್ಟವೇನಲ್ಲ. ಬೆಳೆಯುತ್ತಿರುವ ನಗರದ ನಡುವೆ ಅಷ್ಟು ವಿಶಾಲವಾದ, ಮಟ್ಟಸವಾದ, ಕಟ್ಟಡಗಳಿಲ್ಲದ ಜಾಗ ಬೇರೆಲ್ಲೂ ಸಿಗುವಂತಿರಲಿಲ್ಲ. ಅದು ಸರ್ಕಾರದ ಸ್ವತ್ತು. ಪರಿಹಾರ ಕೊಟ್ಟು ಯಾರನ್ನೂ ಒಕ್ಕಲೆಬ್ಬಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಹುಡುಗರು ಹೇಗೂ ಅಲ್ಲಿ ಆಡುತ್ತಲೇ ಇದ್ದರು. ಧರ್ಮಾಂಬುಧಿ ಇದೇ ಹಾದಿ ಹಿಡಿದು ಮೊದಲು ಬಯಲಾಗಿ, ಆಮೇಲೆ ಬಸ್ ನಿಲ್ದಾಣವಾಯಿತು. ಆ ಲೆಕ್ಕದಲ್ಲಿ ಕ್ರೀಡಾಂಗಣವಾದ ಕೆರೆಗಳಲ್ಲಿ ಬಯಲಾದರೂ ಉಳಿಯಿತು ಎಂದು ಸಮಾಧಾನಪಡಬಹುದು.

ನೆಲ ಕಂಡ ಗೆಲುವುಗಳು

ಈ ಬಯಲುಗಳು ನಾಡಿಗೆ ಕೊಟ್ಟದ್ದು ಅಲ್ಪವಲ್ಲ. ಬೆಂಗಳೂರಿನ ದಂಡುಪ್ರದೇಶದ ಗಲ್ಲಿಗಳಲ್ಲಿ ಫುಟ್‌ಬಾಲ್ ಬಹಳ ಹಿಂದೆಯೇ ಬೇರು ಬಿಟ್ಟಿತ್ತು. ಹಲಸೂರಿನ ಬಳಿಯ ಗೌತಮಪುರದಂಥ ಬಡಾವಣೆಯಲ್ಲಿ ಇಂದಿಗೂ ಕ್ರಿಕೆಟ್ಟಿಗಿಂತ ಕಾಲ್ಚೆಂಡಿಗೇ ಮರ್ಯಾದೆ ಹೆಚ್ಚು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು. ನಾಲ್ಕನೆಯದು 1968–69ರಲ್ಲಿ ಬೆಂಗಳೂರಿನಲ್ಲೇ ನಡೆದ ಕೂಟದಲ್ಲಿ ಬಂಗಾಳವನ್ನು ಸೋಲಿಸಿ. ಅದಾದ ಮೇಲೆ ಆ ಟ್ರೋಫಿ ಮತ್ತೆ ಕನ್ನಡ ನಾಡಿಗೆ ಬಂದದ್ದು 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ. ಆ ದೀರ್ಘ ಬರಗಾಲದುದ್ದಕ್ಕೂ ಆಟವನ್ನು ಜೀವಂತವಾಗಿಟ್ಟದ್ದರಲ್ಲಿ ಶೂಲೆ ಕೆರೆಯಂಗಳದ ಕ್ರೀಡಾಂಗಣದಲ್ಲಿ ನಡೆದ ಲೀಗ್ ಪಂದ್ಯಗಳ ಪಾಲು ದೊಡ್ಡದು.

ಕಂಠೀರವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಹೊಸ ರೂಪ ಪಡೆಯಿತು. ಸುಮಾರು 25,000 ಜನ ಕೂರಬಹುದಾದ ಈ ಅಂಗಣ 2014ರಿಂದ ಬೆಂಗಳೂರು ಎಫ್‌ಸಿ ತಂಡದ ತವರಾಯಿತು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎಂಬ ಕೀರ್ತಿಯನ್ನು ಅದು ಪಡೆದದ್ದು ಇಲ್ಲಿಯೇ. 2023ರ ಜುಲೈನಲ್ಲಿ ಭಾರತ ಪೆನಾಲ್ಟಿಗಳಲ್ಲಿ ಕುವೈತನ್ನು ಮಣಿಸಿ ಸ್ಯಾಫ್ ಪ್ರಶಸ್ತಿ ಎತ್ತಿದ್ದೂ ಇಲ್ಲಿಯೇ. ಪಕ್ಕದ ಒಳಾಂಗಣ ಪ್ರೊ ಕಬಡ್ಡಿಯ ಕೂಗನ್ನು ಕೇಳಿದೆ.

ಆಟದ ಹೊರತಾಗಿಯೂ ಕನ್ನಡಿಗರ ಮನಸ್ಸಿನಲ್ಲಿ ಕಂಠೀರವಕ್ಕೆ ಒಂದು ಜಾಗವಿದೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರ ಪಾರ್ಥಿವ ಶರೀರವನ್ನು ಜನರ ದರ್ಶನಕ್ಕೆ ಇರಿಸಿದ್ದು ಇಲ್ಲಿ. 2021ರ ಅಕ್ಟೋಬರ್‌ನಲ್ಲಿ ಅವರ ಕಿರಿಯ ಮಗ ಪುನೀತ್ ಅವರನ್ನು ಕೊನೆಯ ಬಾರಿ ನೋಡಲು ಲಕ್ಷಾಂತರ ಮಂದಿ ಸಾಲುಗಟ್ಟಿ ಬಂದದ್ದೂ ಇಲ್ಲಿಗೇ. ಊರಿಗೆ ಊರೇ ಸೇರಬೇಕಾದಾಗ ಒಂದು ಬಯಲು ಬೇಕಾಗುತ್ತದೆ. ಹಿಂದೆ ಕೆರೆ ದಂಡೆ ಮಾಡುತ್ತಿದ್ದ ಕೆಲಸವನ್ನು ಈಗ ಕ್ರೀಡಾಂಗಣ ಮಾಡುತ್ತಿದೆ.

ಇನ್ನೊಂದು ಹೆಗ್ಗುರುತಾದ ಚಿನ್ನಸ್ವಾಮಿ ಕ್ರೀಡಾಂಗಣ ಈ ಸಾಲಿಗೆ ಸೇರದು. 1974ರ ನವೆಂಬರ್‌ನಲ್ಲಿ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಒಟ್ಟಿಗೇ ಟೆಸ್ಟ್ ರಂಗಕ್ಕೆ ಕಾಲಿಟ್ಟ ಆ ಅಂಗಣ ದಂಡುಪ್ರದೇಶದ ನೆಲದಲ್ಲಿ ಎದ್ದದ್ದು. ಆದರೆ ನೀರಿನ ಕಥೆ ಅದನ್ನೂ ಬಿಟ್ಟಿಲ್ಲ. 2017ರಲ್ಲಿ ಹುಲ್ಲಿನಡಿ ಕೊಳವೆಗಳ ಜಾಲ ಹಾಸಿ, ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ಯಂತ್ರದಿಂದ ನೀರನ್ನು ಹೀರಿ ತೆಗೆಯುವ ವ್ಯವಸ್ಥೆ ಅಲ್ಲಿ ಬಂತು. ಏಳು ವರ್ಷಗಳ ನಂತರ, 2024ರ ಬೇಸಿಗೆಯಲ್ಲಿ, ನಗರದ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾದು ನಿಂತಾಗ, ಅದೇ ಮೈದಾನದ ಹುಲ್ಲಿಗೆ ಶುದ್ಧೀಕರಿಸಿದ ಕೊಳಚೆ ನೀರನ್ನು ಹಾಯಿಸಬೇಕಾಯಿತು.

ಹೋದ ನೀರಿನ ಲೆಕ್ಕ

ಕೆರೆಗಳನ್ನು ಹೀಗೆ ಕಳೆದುಕೊಳ್ಳುತ್ತ ಹೋಗುವುದು ತರವಲ್ಲ ಎಂಬ ಅರಿವು ಸರ್ಕಾರಕ್ಕೆ ಇರಲಿಲ್ಲವೆಂದಲ್ಲ. 1985ರಲ್ಲಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಲಾಯಿತು. ಉಳಿದಿರುವ ಕೆರೆಗಳನ್ನು ಒಡೆಯದೆ ಕಾಪಾಡಬೇಕು, ಒಳಬರುವ ಕಾಲುವೆಗಳನ್ನು ತೆರವುಗೊಳಿಸಬೇಕು ಎಂಬುದು ಅದರ ಸಲಹೆಯ ತಿರುಳು. ಆ ವರದಿ ಬಂದ ಮೇಲೂ ಕೋರಮಂಗಲದ ಕೆರೆಯಂಗಳದಲ್ಲಿ ಕ್ರೀಡಾಗ್ರಾಮದ ಬಹುಮಹಡಿ ಮನೆಗಳು ಎದ್ದವು. ಕೂಟ ಮುಗಿದು ಆಟಗಾರರು ಹೋದರು, ಮನೆಗಳು ವಸತಿ ಸಮುಚ್ಚಯವಾಗಿ ಉಳಿದವು.

ನೀರಿಗೆ ಮಾತ್ರ ತನ್ನ ಹಳೆಯ ದಾರಿಯ ನೆನಪು ಹೋಗುವುದಿಲ್ಲ. ಸಂಪಂಗಿ ಕೆರೆಯಲ್ಲಿ ನಿಲ್ಲುತ್ತಿದ್ದ ಮಳೆ ಈಗ ನಿಲ್ಲಲು ಎಡೆಯಿಲ್ಲದೆ ಡಾಂಬರಿನ ಮೇಲೆ ಓಡಿ ರಾಜಕಾಲುವೆ ಸೇರುತ್ತದೆ. ಶಾಂತಿನಗರ, ಕೋರಮಂಗಲಗಳ ತಗ್ಗುಗಳಲ್ಲಿ ಒಂದು ಜೋರು ಮಳೆಗೇ ಮನೆಯೊಳಗೆ ನೀರು ನುಗ್ಗುವುದೇಕೆ ಎಂಬುದಕ್ಕೆ ಹಳೆಯ ನಕ್ಷೆಯಲ್ಲಿ ಉತ್ತರವಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತಲ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಗಿ ಬಂತು. ಮೇಲಿನ ಕೊಂಡಿಗಳು ಕಳಚಿಹೋದ ಸರಪಣಿಯ ಭಾರವೆಲ್ಲ ಬಿದ್ದದ್ದು ಕೆಳಗಿನವರ ಮೇಲೆ.

ಕೆರೆಗೂ ಆಟಕ್ಕೂ ಹುಟ್ಟುವೈರವೇನೂ ಇಲ್ಲ. ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ದಳದ ಯೋಧರು ದೋಣಿ ಸ್ಪರ್ಧೆಗೆ ಹುಟ್ಟುಹಾಕುವ ಅಭ್ಯಾಸವನ್ನು ನೀರಿನಲ್ಲೇ ಮಾಡಿಕೊಂಡು ಬಂದಿದ್ದಾರೆ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಏರಿಯ ಮೇಲೆ ದಿನವೂ ಜನ ಓಡುತ್ತಾರೆ, ನಡೆಯುತ್ತಾರೆ. ಕೆರೆ ಕೆರೆಯಾಗಿಯೇ ಉಳಿದು ಆಟದ ತಾಣವೂ ಆಗಬಲ್ಲದು ಎಂಬುದಕ್ಕೆ ಇವು ಕಣ್ಣೆದುರಿನ ಸಾಕ್ಷಿ.

ಕಂಠೀರವವನ್ನು ಒಡೆದು ಮತ್ತೆ ಸಂಪಂಗಿ ಕೆರೆ ತುಂಬಿಸಬೇಕೆಂದು ಇಂದು ಯಾರೂ ಹೇಳಲಾರರು. ಓಡುವ ಮಕ್ಕಳಿಗೆ ಬಯಲು ಬೇಕು; ನಗರದ ನಡುವೆ ಅಂಥ ಬಯಲುಗಳೇ ಈಗ ಅಪರೂಪವಾಗಿವೆ. ಆದರೆ ಆ ಬಯಲು ಪುಕ್ಕಟೆಯಾಗಿ ಸಿಕ್ಕಿದ್ದಲ್ಲ, ಅದಕ್ಕೆ ತೋಟದವರ ಕಸುಬು ಮತ್ತು ಊರಿನ ನೀರು ಬೆಲೆಯಾಗಿ ಸಂದಿವೆ ಎಂಬುದು ತಿಳಿದಿದ್ದರೆ, ಊರಂಚಿನಲ್ಲಿ ಉಳಿದಿರುವ ಕೆರೆಗಳ ಮೇಲೆ ಕಣ್ಣು ಹಾಕುವ ಮುನ್ನ ಒಮ್ಮೆ ಯೋಚಿಸುವಂತಾಗಬಹುದು. ಬರುವ ಚೈತ್ರದಲ್ಲೂ ವೀರಕುಮಾರರು ಪೇಟೆಯಿಂದ ಆ ಕಲ್ಯಾಣಿಗೆ ನಡೆದು ಬರುತ್ತಾರೆ. ಅವರ ಪಾಲಿಗೆ ಆ ಸ್ಥಳದ ಹೆಸರು ಇಂದಿಗೂ ಸಂಪಂಗಿ ಕೆರೆ.