ಜಬಲ್ ತಾರಿಖ್
ಶಾಲೆಯ ಭೂಪಟದಲ್ಲಿ ಜಿಬ್ರಾಲ್ಟರ್ ಎಂದು ಓದಿದ ನಮಗೆ, ಅದರೊಳಗೆ ‘ಜಬಲ್ ತಾರಿಖ್’ ಅಡಗಿರುವುದು ಎಷ್ಟೋ ಕಾಲ ಹೊಳೆದಿರಲಿಲ್ಲ. 711ರಲ್ಲಿ ಸೇನಾನಿ ತಾರಿಖ್ ಬಿನ್ ಜಿಯಾದ್ ಬಂದಿಳಿದ ಬೆಟ್ಟವದು. ಏಳು ಚದರ ಕಿಲೋಮೀಟರಿಗೂ ಕಡಿಮೆ ನೆಲ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಸ್ಪೇನ್ ಇದನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ಯಹೂದಿಗಳೂ ಮೂರರೂ ಅಲ್ಲಿ ನೆಲೆಸಕೂಡದೆಂಬ ಷರತ್ತು ಹಾಕಿತು. ಊರಿನ ಹೆಸರೇ ಮೂರರದು ಎಂಬುದು ಯಾರಿಗೂ ನೆನಪಾಗಲಿಲ್ಲವೇನೋ! ಷರತ್ತು ಬಹುಕಾಲ ನಿಲ್ಲಲಿಲ್ಲ. ಯಹೂದಿಗಳು ಬಂದರು, ಆಮೇಲೆ ನಮ್ಮ ಸಿಂಧಿ ವ್ಯಾಪಾರಿಗಳೂ ಅಂಗಡಿ ತೆರೆದರು.

ಇಂದು ಬ್ರಿಟಿಷ್ ದೊರೆಯ ಗವರ್ನರ್ ಇದ್ದಾರೆ, ಚುನಾಯಿತ ಸಂಸತ್ತೂ ಇದೆ. ಹಡಗುಗಳಿಗೆ ಇಂಧನ, ಪ್ರವಾಸೋದ್ಯಮ, ಹಣಕಾಸು, ಆನ್‌ಲೈನ್ ಜೂಜು ಆದಾಯದ ದಾರಿಗಳು.

1969ರಲ್ಲಿ ಫ್ರಾಂಕೊ ಗಡಿಯ ಗೇಟು ಮುಚ್ಚಿಸಿದಾಗ ಬಂಧುಗಳು ಬೇಲಿಯ ಆಚೀಚೆ ನಿಂತು ಕೂಗಿ ಮಾತಾಡಬೇಕಾಯಿತು. ಗೇಟು ಪಾದಚಾರಿಗಳಿಗೆ ತೆರೆದದ್ದು 1982ರಲ್ಲಿ. ಸ್ಪೇನಿನ ಕೂಲಿಗಳು ಬಾರದಾದ ಆ ವರ್ಷಗಳಲ್ಲಿ ಹಡಗುಕಟ್ಟೆಯ ದುಡಿಮೆಗೆ ಬಂದವರು ಮೊರಾಕ್ಕೊದವರು, ಅದೇ ಮೂರರು.