ಕಲ್ಲಿನ ಮೇಲೆ ಬೆಳೆಯೋ ಶಿಹು: ಚೀನಾದ ಒಂದು ಔಷಧಿ ಕಾಂಡದ ಕತೆ

ಅಡಿಕೆಗೆ ಎಲೆಚುಕ್ಕೆ ರೋಗ ಬಂದಾಗಿನಿಂದ ನಮ್ಮ ಕಡೆ "ಬೇರೆ ಏನು ಹಾಕೋದು" ಅನ್ನೋ ಮಾತು ಜಾಸ್ತಿ ಆಗಿದೆ. ಅದರ ಜೊತೆಗೇ "ಔಷಧಿ ಗಿಡ ಹಾಕಿ, ಸಸಿ ನಾವೇ ಕೊಡ್ತೀವಿ, ಮಾಲು ನಾವೇ ತಗೊಳ್ತೀವಿ" ಅಂತ ಮನೆ ಬಾಗಿಲಿಗೆ ಬರೋರೂ ಜಾಸ್ತಿ ಆಗಿದಾರೆ. ಚೀನಾದಲ್ಲಿ ಇದಕ್ಕೆ ಲಕ್ಷಗಟ್ಟಲೆ ರೇಟಿದೆ ಅನ್ನೋದು ಅವರ ಮಾತಲ್ಲಿ ಬಂದೇ ಬರುತ್ತೆ. ಹಾಗಾಗಿ ಚೀನಾದಲ್ಲೇ ಒಂದು ಔಷಧಿ ಗಿಡದ ಬೆಳೆ ಹೇಗೆ ಹುಟ್ಟಿತು, ದುಡ್ಡು ಯಾವಾಗ ಯಾರ ಕೈಗೆ ಹೋಯ್ತು ಅಂತ ಈ ಸಲ ಬರೀತಿದ್ದೇನೆ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಗಿಡದ ಹೆಸರು ಶಿಹು. ನಮ್ಮ ಮಾವು, ಹಲಸಿನ ಕೊಂಬೆ ಮೇಲೆ ಮಳೆಗಾಲದ ಶುರುವಿಗೆ ಜಡೆ ಇಳಿಬಿಟ್ಟ ಹಾಗೆ ಹೂ ಬಿಡುವ ಸೀತಾಳೆ ದಂಡೆ ಎಲ್ಲರಿಗೂ ಗೊತ್ತಲ್ಲ, ಇದೂ ಅದೇ ಆರ್ಕಿಡ್ ಕುಟುಂಬದ್ದು. ಅದರೊಳಗೆ ಡೆಂಡ್ರೋಬಿಯಂ ಅನ್ನೋ ಪಂಗಡ. ನಮ್ಮ ಘಟ್ಟದ ಕಾಡಲ್ಲೂ ಡೆಂಡ್ರೋಬಿಯಂಗಳಿವೆ. ಚೀನಾದವರು ಔಷಧಿಗೆ ತಗೊಳ್ಳೋದು ಅದರ ಹೂವಲ್ಲ, ಬೇರಲ್ಲ, ಕಾಂಡ. ಅತಿ ಬೆಲೆಬಾಳುವ ಟಿಯೆಪಿ ಜಾತಿಯ ಒಣಗಿದ ಕಾಂಡ ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪ ಅಷ್ಟೆ. ಟಿಯೆಪಿ ಅಂದ್ರೆ ಕಬ್ಬಿಣದ ಸಿಪ್ಪೆ. ಅಗಿದರೆ ಲೋಳೆ ಬರುತ್ತೆ. ಬಾಯಿ ಒಣಗೋದು, ಜ್ವರ ಬಿಟ್ಟ ಮೇಲಿನ ದಾಹ, ಹೊಟ್ಟೆ, ಕಣ್ಣು, ಇವಕ್ಕೆ ಅವರ ವೈದ್ಯರು ಕೊಡ್ತಾರೆ. ಅದು ಎಷ್ಟು ಕೆಲಸ ಮಾಡುತ್ತೆ ಅನ್ನೋದು ವೈದ್ಯರಿಗೆ ಬಿಟ್ಟ ವಿಷಯ. ನಾನು ಬರೆಯೋದು ಬೆಳೆ ಮತ್ತು ಪೇಟೆಯ ಬಗ್ಗೆ.

ಶಿ ಅಂದ್ರೆ ಕಲ್ಲು. ಹು ಅಂದ್ರೆ ಧಾನ್ಯ ಅಳೆಯುವ ಹಳೇ ಮಾಪು, ನಮ್ಮ ಕೊಳಗ, ಖಂಡುಗದ ಹಾಗೆ. ಚೀನಾದ ಅತಿ ಹಳೆಯ ಗಿಡಮೂಲಿಕೆ ಗ್ರಂಥ ಶೆನ್‌ನಾಂಗ್ ಬೆನ್‌ಸಾವ್‌ನಲ್ಲೇ ಶಿಹು ಮೇಲ್ದರ್ಜೆಯ ಔಷಧಿಗಳ ಸಾಲಿನಲ್ಲಿದೆ. ಆ ಗ್ರಂಥಕ್ಕೆ ಸುಮಾರು 2000 ವರ್ಷ ಆಯ್ತು. ಕ್ರಿ.ಶ. 500ರ ಆಸುಪಾಸಿನಲ್ಲಿ ತಾವ್ ಹೊಂಗ್‌ಜಿಂಗ್ ಅನ್ನೋ ಪಂಡಿತ ಅದಕ್ಕೆ ಟಿಪ್ಪಣಿ ಬರೆದ. ಕಲ್ಲಿನ ಮೇಲೆ ಬೆಳೆದದ್ದು ಒಳ್ಳೇದು, ಮರದ ಮೇಲೆ ಬೆಳೆದದ್ದು ಉದ್ದ ಆದರೂ ಬಣ್ಣ ತೆಳು, ಎರಡನೇ ದರ್ಜೆ ಅಂತ ಅವನ ಲೆಕ್ಕ. ಹಿಪ್ಪುನೇರಳೆ ಬೂದಿಯ ನೀರು ಹಾಕಿದಾಗ ಚಿನ್ನದ ಬಣ್ಣ ಬಂದು, ಮಿಡತೆಯ ತೊಡೆ ತರ ಕಾಣಿಸಿದರೆ ಅದು ಉತ್ತಮ ಮಾಲು. ಅಂದ್ರೆ 1500 ವರ್ಷದ ಹಿಂದೆಯೇ ಈ ಮಾಲಿಗೆ ಗ್ರೇಡಿಂಗ್ ಇತ್ತು.

ಗ್ರೇಡಿಂಗ್ ಇತ್ತು, ಪೇಟೆ ಇತ್ತು, ಬೆಳೆಗಾರ ಮಾತ್ರ ಇರಲಿಲ್ಲ. ಇಷ್ಟು ಬೇಡಿಕೆ ಇದ್ದ ಗಿಡವನ್ನ ಸಾವಿರಾರು ವರ್ಷ ಯಾರೂ ಹೊಲದಲ್ಲಿ ಬೆಳೀಲಿಲ್ಲ. 1596ರಲ್ಲಿ ಅಚ್ಚಾದ ಲಿ ಶಿಝೆನ್‌ನ ದೊಡ್ಡ ಔಷಧಿ ಕೋಶದಲ್ಲಿ ಜನ ಇದನ್ನ ಮುರಿದು ತಂದು ಮರಳು ಕಲ್ಲಿನಲ್ಲಿ ನೆಡ್ತಾರೆ, ಇಲ್ಲಾ ಮನೆ ಸೂರಿನ ಕೆಳಗೆ ತೂಗು ಹಾಕಿ ನೀರು ಚಿಮುಕಿಸ್ತಾರೆ, ವರ್ಷಗಟ್ಟಲೆ ಸಾಯೋದಿಲ್ಲ ಅಂತ ಇದೆ. ಸಾವಿರ ವರ್ಷ ಒಣಗದ್ದು ಅಂತ ಆಡುಮಾತಿನ ಹೆಸರೂ ಇತ್ತಂತೆ. ಆದರೆ ಅದು ಮನೆ ಮುಂದಿನ ಗಿಡ, ಬೆಳೆ ಅಲ್ಲ.

ಕಾರಣ ಬೀಜದಲ್ಲಿದೆ. ನಮ್ಮ ಗೋಟಡಿಕೆಯೊಳಗೆ ಮೊಳಕೆಗೆ ಬೇಕಾದಷ್ಟು ಬುತ್ತಿ ಇರುತ್ತೆ, ಮಣ್ಣಿಗೆ ಹಾಕಿದರೆ ಹುಟ್ಟುತ್ತೆ. ಆರ್ಕಿಡ್ ಬೀಜ ಹಾಗಲ್ಲ. ಒಂದು ಕಾಯಿಯಲ್ಲಿ ಧೂಳಿನ ಹಾಗೆ ಸಾವಿರಾರು ಬೀಜ, ಒಂದರಲ್ಲೂ ಬುತ್ತಿ ಇಲ್ಲ. ಗಾಳಿಗೆ ಹಾರಿ ಬಿದ್ದ ಕಡೆ ಸರಿಯಾದ ಶಿಲೀಂಧ್ರ ಸಿಕ್ಕಿ, ಅದು ಊಟ ಕೊಟ್ಟರೆ ಮಾತ್ರ ಮೊಳಕೆ. ಗಡ್ಡೆ ಒಡೆದು ನೆಡಬಹುದು, ಆದರೆ ಒಂದು ಎರಡಾಗೋಕೆ ವರ್ಷಗಳು ಬೇಕು. ಹೀಗಾಗಿ ಪೇಟೆಗೆ ಬರೋದೆಲ್ಲ ಕಾಡಿನ ಮಾಲೇ ಆಗಿತ್ತು.

ತರೋರು ಯಾರು? ಬಂಡೆಯ ತುದಿಗೆ ಹಗ್ಗ ಕಟ್ಟಿ ಇಳಿಯೋರು. ಪೂರ್ವ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಯಾಂಡಾಂಗ್ ಬೆಟ್ಟಗಳಲ್ಲಿ ಮೂಲಿಕೆ ಕೀಳೋರು ಎರಡು ಕಡಿದಾದ ಬಂಡೆಗಳ ನಡುವೆ ಹಗ್ಗದಲ್ಲಿ ತೇಲಿಕೊಂಡು ಹೋಗ್ತಿದ್ದರು. ಈಗ ಅದೇ ವಿದ್ಯೆಯನ್ನ ಪ್ರವಾಸಿಗರಿಗೆ ಆಟವಾಗಿ ತೋರಿಸ್ತಾರೆ. ಜೇನು ಕೊಯ್ಯೋರನ್ನ, ರಾಮಪತ್ರೆ ಕೊಯ್ಯೋಕೆ ಎತ್ತರದ ಮರ ಹತ್ತೋರನ್ನ ನೋಡಿದವರಿಗೆ ಈ ಕಷ್ಟ ವಿವರಿಸಬೇಕಿಲ್ಲ.

ಕಿತ್ತು ತಂದ ಮೇಲಿನ ಕೆಲಸ ಇನ್ನೊಂದು ದೊಡ್ಡ ಕತೆ. ಅದು ನಮ್ಮ ಅಡಿಕೆ ಸುಲಿದು ಬೇಯಿಸೋ ಕೆಲಸದ ತರಾನೇ ಕೈಯ ಮೇಲೆ ನಿಂತಿದೆ. ನವೆಂಬರಿನಿಂದ ಮಾರ್ಚ್ ಒಳಗೆ ಕಾಂಡ ಕೊಯ್ಯಬೇಕು. ಬೇರಿನ ಎಳೆ ಸ್ವಲ್ಪ ಬಿಟ್ಟು ಉಳಿದದ್ದು ಕತ್ತರಿಸಬೇಕು. ಕಾಂಡದ ಮೇಲಿನ ತೆಳು ಪೊರೆ ತಿಕ್ಕಿ ತೆಗೀಬೇಕು. ಆಮೇಲೆ ಇದ್ದಿಲ ಕೆಂಡದ ಮೇಲೆ ತಂತಿ ಜಾಲರಿ ಇಟ್ಟು ಹದವಾಗಿ ಬಿಸಿ ಮಾಡಬೇಕು. ಮೆತ್ತಗಾದಾಗ ಬೆರಳಲ್ಲಿ ಸ್ಪ್ರಿಂಗ್ ತರ ಸುತ್ತಿ, ಬಿಚ್ಚಿಕೊಳ್ಳದ ಹಾಗೆ ಕಾಗದದ ಪಟ್ಟಿ ಸುತ್ತಿ ಮತ್ತೆ ಬಿಸಿಗೆ. ಸಡಿಲಾದರೆ ಮತ್ತೆ ಬಿಗಿ ಮಾಡಿ ಮತ್ತೆ ಬಿಸಿಗೆ. ಹೀಗೆ ಹಲವು ಸುತ್ತು ಆದ ಮೇಲೆ ಎರಡರಿಂದ ಆರು ಸುರುಳಿ ಇರೋ ಪುಟ್ಟ ಗುಂಡು ಸಿಗುತ್ತೆ. ಇದಕ್ಕೆ ಫೆಂಗ್‌ಡೋ ಅಂತಾರೆ. ಕಿವಿಯೋಲೆ ಶಿಹು ಅನ್ನೋ ಹೆಸರೂ ಇದೆ. ಒಂದು ತುದಿಯಲ್ಲಿ ಬೇರಿನ ಎಳೆ, ಇನ್ನೊಂದು ತುದಿಯಲ್ಲಿ ಕಾಂಡದ ಕುಡಿ ಎರಡೂ ಉಳಿದಿದ್ದರೆ ಡ್ರ್ಯಾಗನ್ ತಲೆ, ಫೀನಿಕ್ಸ್ ಬಾಲ ಅಂತ ಹೇಳಿ ಮೇಲಿನ ರೇಟು. ಕೆಂಡ ಜಾಸ್ತಿ ಆದರೆ ಕರಕಲು, ಕಡಿಮೆ ಆದರೆ ಬೂಸ್ಟು. ಒಂದೇ ಅಡಿಕೆ ಚಾಲಿ ಮಾಡಿದರೆ ಒಂದು ದರ, ಬೇಯಿಸಿ ಚೊಗರು ಹಾಕಿ ರಾಶಿ ಮಾಡಿದರೆ ಇನ್ನೊಂದು ದರ ಇರುತ್ತಲ್ಲ, ಹಾಗೆ ಇಲ್ಲೂ ಕೈಕೆಲಸ ಗೊತ್ತಿದ್ದವನ ಹತ್ತಿರ ದುಡ್ಡು ನಿಲ್ತಿತ್ತು. ಯಾಂಡಾಂಗ್ ಬೆಟ್ಟದ ಬುಡದ ಯುಯೆಚಿಂಗ್ ಕಡೆಯವರು ಈ ಕೆಲಸಕ್ಕೆ ಇವತ್ತಿಗೂ ಹೆಸರುವಾಸಿ.

ಆದರೆ ಸುರುಳಿ ಸುತ್ತಿದ ಮೇಲೆ ಅದು ಯಾವ ಜಾತಿಯ ಕಾಂಡ ಅಂತ ಕಣ್ಣಲ್ಲಿ ಹೇಳೋದು ಬಹಳ ಕಷ್ಟ. ಎಲೆ ಇಲ್ಲ, ಹೂ ಇಲ್ಲ, ಉದ್ದ ಗೊತ್ತಾಗಲ್ಲ, ಬಣ್ಣ ಬದಲಾಗಿದೆ. 1765ರಲ್ಲಿ ಝಾವ್ ಶ್ಯುವೆಮಿನ್ ಅನ್ನೋ ವೈದ್ಯ ಲಿ ಶಿಝೆನ್‌ನ ಕೋಶಕ್ಕೆ ಪೂರಕ ಗ್ರಂಥ ಬರೆಯುವಾಗ ಆನ್‌ಹುಯಿ ಪ್ರಾಂತ್ಯದ ಹುವೋಶಾನ್‌ನ ಶಿಹುವನ್ನ ಪ್ರತ್ಯೇಕವಾಗಿ ಹೆಸರಿಸಿದ. ಸಣ್ಣದು, ಹಳದಿ, ನೆಟ್ಟಗಿರದೆ ಡೊಂಕು, ಉಂಡೆಯಾದದ್ದೂ ಇದೆ ಅಂತ ಗುರುತು ಬರೆದಿದ್ದಾನೆ. ಗುರುತು ಬರೆಯಬೇಕಾದ ಹೊತ್ತಿಗೆ ಬೇರೆ ಬೇರೆ ಶಿಹು ಪೇಟೆಯಲ್ಲಿದ್ದವು ಅಂತಾಯ್ತು. ಅಗ್ಗದ ಡೆಂಡ್ರೋಬಿಯಂ ಸುತ್ತಿ ದುಬಾರಿ ಜಾತಿಯ ಹೆಸರಲ್ಲಿ ಮಾರೋದು ಇವತ್ತಿಗೂ ನಿಂತಿಲ್ಲ, ಅನುಮಾನ ಬಂದರೆ ಡಿಎನ್‌ಎ ಪರೀಕ್ಷೆಯೇ ಗತಿ.

ಕಾಡು ಎಷ್ಟು ದಿನ ತಡೆಯುತ್ತೆ? 20ನೇ ಶತಮಾನದ ಹೊತ್ತಿಗೆ ಹತ್ತಿರದ ಬೆಟ್ಟಗಳು ಬರಿದಾದವು. ಕೀಳೋರು ದಕ್ಷಿಣಕ್ಕೆ ಯುನ್ನಾನ್, ಗುವಾಂಗ್‌ಶಿ ಕಡೆ ಹೋದರು. ಅಲ್ಲೂ ಕಡಿಮೆಯಾದಾಗ ಲಾವೋಸ್, ವಿಯೆಟ್ನಾಂ, ಮಯನ್ಮಾರ್ ಕಾಡಿನ ಕಾಂಡ ಗಡಿ ದಾಟಿ ಬರೋಕೆ ಶುರುವಾಯ್ತು. 1987ರಲ್ಲಿ ಚೀನಾ ಸರ್ಕಾರ ರಕ್ಷಿಸಬೇಕಾದ ಕಾಡು ಮೂಲಿಕೆಗಳ ಪಟ್ಟಿ ಮಾಡಿದಾಗ ಶಿಹು ಅದರಲ್ಲಿತ್ತು. 2021ರ ಪಟ್ಟಿಯಲ್ಲಂತೂ ಇಡೀ ಡೆಂಡ್ರೋಬಿಯಂ ಪಂಗಡವೇ ಇದೆ, ಹುವೋಶಾನ್ ಜಾತಿಗೆ ಮೊದಲ ದರ್ಜೆಯ ರಕ್ಷಣೆ.

ಬೆಳೆಯಾಗೋ ದಾರಿ ತೆರೆದದ್ದು ಚೀನಾದಿಂದ ದೂರ. ಆರ್ಕಿಡ್ ಬೀಜಕ್ಕೆ ಶಿಲೀಂಧ್ರ ಬೇಕು ಅಂತ 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೋಯೆಲ್ ಬರ್ನಾರ್. ಶಿಲೀಂಧ್ರ ಇಲ್ಲದೆಯೂ, ಬಾಟಲಿಯಲ್ಲಿ ಸಕ್ಕರೆ ಸೇರಿಸಿದ ಅಗರ್ ಮೇಲೆ ಬೀಜ ಮೊಳೆಸಬಹುದು ಅಂತ 1922ರಲ್ಲಿ ತೋರಿಸಿದವನು ಅಮೆರಿಕದ ಲೂಯಿಸ್ ನುಡ್ಸನ್. ಇದೇ ವಿದ್ಯೆಯನ್ನ ಚೀನಾದವರು ಶಿಹುಗೆ ಒಗ್ಗಿಸಿದರು. 1990ರ ದಶಕದಿಂದ ಝೆಜಿಯಾಂಗ್‌ನಲ್ಲಿ, ಆಮೇಲೆ ಯುನ್ನಾನ್‌ನಲ್ಲಿ ಲ್ಯಾಬಿನ ಸಸಿ ತಂದು ನೆಡೋದು ದೊಡ್ಡದಾಗಿ ಹಬ್ಬಿತು.

ಬೆಳೆಯೋ ಕ್ರಮ ನಮಗೆ ಅರ್ಥ ಆಗದ್ದೇನಲ್ಲ. ಬಾಟಲಿಯಿಂದ ತೆಗೆದ ಸಸಿಯನ್ನ ಟಿಶ್ಯೂ ಕಲ್ಚರ್ ಬಾಳೆ ತರ ಮೊದಲು ಹೊರಗಿನ ಗಾಳಿಗೆ ಹದ ಮಾಡಬೇಕು. ಮಣ್ಣಿಗೆ ಹಾಕೋ ಹಾಗಿಲ್ಲ. ನೆರಳು ಬಲೆಯ ಕೆಳಗೆ, ನೆಲದಿಂದ ಎತ್ತರಿಸಿದ ಮಡಿಯಲ್ಲಿ ಪೈನ್ ಮರದ ತೊಗಟೆ ಚೂರು ತುಂಬಿ ಅದರ ಮೇಲೆ ನೆಡೋದು. ನೀರು ನಿಂತರೆ ಬೇರು ಕೊಳೆಯುತ್ತೆ. ಗೊಂಡೆಹುಳು, ಬಸವನಹುಳು ದೊಡ್ಡ ಕಾಟ, ರಾತ್ರಿ ಬಂದು ಎಳೆ ಕುಡಿ ಮುಗಿಸಿ ಹೋಗ್ತವೆ. ಎರಡು ಮೂರು ವರ್ಷಕ್ಕೆ ಕೊಯ್ಲು. ಬಲಿತ ಕಾಂಡ ಕೊಯ್ದು ಎಳೇದು ಬಿಡೋದು, ಬುಡದಿಂದ ಮತ್ತೆ ಚಿಗುರು ಬರುತ್ತೆ. ಗುಯ್‌ಝೋ ಪ್ರಾಂತ್ಯದ ಚಿಶುಯಿಯಲ್ಲಿ ಬಲೆ ಮನೆಯೂ ಇಲ್ಲ. ಕಾಡಿನ ನೆರಳಲ್ಲಿರೋ ಕೆಂಪು ಮರಳುಗಲ್ಲಿನ ಬಂಡೆಗಳ ಮೇಲೇ ಗಿಡ ಅಂಟಿಸಿ ಬೆಳೀತಾರೆ. ಅದು ಬೇರೆ ಜಾತಿ, ನೊಬೈಲ್ ಅಂತ. ನಮ್ಮ ಸಿಕ್ಕಿಂ ರಾಜ್ಯದ ಹೂವು ಅದೇ.

ಲ್ಯಾಬಿನ ಸಸಿ ಕಾಡಿನ ಗಿಡದ ಮೇಲಿನ ಭಾರ ಇಳಿಸಿತು, ಸಾವಿರಾರು ವರ್ಷ ಇಲ್ಲದ ಬೆಳೆಗಾರನನ್ನ ಹುಟ್ಟಿಸಿತು. ಆದರೆ ರೇಟು ನಿಂತಿದ್ದದ್ದೇ ಮಾಲು ಸಿಗಲ್ಲ ಅನ್ನೋದರ ಮೇಲೆ. ಆ ಅಭಾವದ ರೇಟು ನೋಡಿ ಎಲ್ಲರೂ ಒಟ್ಟಿಗೆ ನೆಟ್ಟರು, ಎಲ್ಲರದ್ದೂ ಒಟ್ಟಿಗೆ ಕೊಯ್ಲಿಗೆ ಬಂತು. ಫೆಂಗ್‌ಡೋ ಬಹಳ ಮಟ್ಟಿಗೆ ದುಬಾರಿ ಉಡುಗೊರೆ ವಸ್ತು. 2012ರ ಕೊನೆಯಿಂದ ಚೀನಾದಲ್ಲಿ ಅಧಿಕಾರಿಗಳ ಉಡುಗೊರೆ, ಔತಣಕ್ಕೆ ಕಡಿವಾಣ ಬಿತ್ತು. ಹಸಿ ಕಾಂಡದ ದರ ಕುಸಿಯಿತು. ಯುನ್ನಾನ್‌ನ ಲಾಂಗ್‌ಲಿಂಗ್‌ನಲ್ಲಿ ಊರಿಗೆ ಊರೇ ಶಿಹು ಹಾಕಿತ್ತು, ಅಲ್ಲಿಯವರಿಗೆ ದೊಡ್ಡ ಪೆಟ್ಟು. ಸಸಿ ಮಾರಿದವನಿಗೆ ಮಾತ್ರ ದುಡ್ಡು ಮೊದಲೇ ಬಂದಾಗಿತ್ತು.

ನಮ್ಮ ಕಡೆಯ ವೆನಿಲ್ಲಾ ನೆನಪಾಗ್ತಿರಬೇಕು. ಅದೂ ಆರ್ಕಿಡ್ಡೇ. 2003ರ ಆಸುಪಾಸು ಹಸಿ ಕೋಡಿಗೆ ಕೆಜಿಗೆ ಸಾವಿರಗಟ್ಟಲೆ ರೂಪಾಯಿ ಇತ್ತು, ಬಳ್ಳಿಯ ತುಂಡಿಗೂ ಬೆಲೆ, ರಾತ್ರಿ ಕಾವಲು ಬೇರೆ. ಎರಡು ಮೂರು ವರ್ಷದಲ್ಲಿ ಕೇಳೋರಿಲ್ಲ. ಆಗಲೂ ಬಳ್ಳಿ ಮಾರಿದವನು ಗೆದ್ದ, ಮೊದಲ ಕೊಯ್ಲಿನವನು ಗೆದ್ದ, ಮೂರನೇ ವರ್ಷ ನೆಟ್ಟವನು ಹೂವಿಗೆ ಕೈಯಲ್ಲಿ ಪರಾಗಸ್ಪರ್ಶ ಮಾಡ್ತಾ ಉಳಿದ.

ಚೀನಾದಲ್ಲಿ ಬೆಳೆ ಮುಳುಗಿ ಹೋಗಲಿಲ್ಲ, ಅದೂ ನೋಡಬೇಕಾದ ವಿಷಯ. 2010ರ ಚೀನೀ ಔಷಧ ಸಂಹಿತೆಯಲ್ಲಿ ಟಿಯೆಪಿಯನ್ನ ಉಳಿದ ಶಿಹುಗಳಿಂದ ಬೇರೆ ಮಾಡಿ, ಅದರದ್ದೇ ಹೆಸರು, ಅದರದ್ದೇ ಅಳತೆ ಇಟ್ಟರು. ಕಾಂಡದಲ್ಲಿ ಲೋಳೆಯ ಸಕ್ಕರೆ ಅಂಶ ನೂರಕ್ಕೆ 25ಕ್ಕಿಂತ ಕಡಿಮೆ ಇರಬಾರದು ಅಂತ. ಹುವೋಶಾನ್ ಜಾತಿಗೆ 2020ರ ಆವೃತ್ತಿಯಲ್ಲಿ ಜಾಗ ಸಿಕ್ಕಿತು. 2023ರ ನವೆಂಬರಿನಲ್ಲಿ ಟಿಯೆಪಿ ಔಷಧಿಯೂ ಹೌದು ಆಹಾರವೂ ಹೌದು ಅನ್ನೋ ಸರ್ಕಾರಿ ಪಟ್ಟಿಗೆ ಸೇರಿತು. ಅಂದ್ರೆ ಸಾರು, ಪಾನೀಯಕ್ಕೂ ಹಾಕಿ ಮಾರುವ ದಾರಿ ತೆರೆಯಿತು. ಇದೆಲ್ಲ ಸಾಧ್ಯ ಆದದ್ದು ತಿನ್ನೋ ಜನ ಅವರ ಊರಲ್ಲೇ ಇದ್ದಿದ್ದರಿಂದ, ಬಳಕೆ 2000 ವರ್ಷ ಹಳೇದಾಗಿದ್ದರಿಂದ.

ನಮ್ಮ ಘಟ್ಟದಲ್ಲೂ ಇಂಥದ್ದೇ ಒಂದು ಕಾಂಡದ ಔಷಧಿ ಇದೆ, ಮರದರಿಶಿನ. ಹಳದಿ ಕಾಂಡದ ಬಳ್ಳಿ, ಗಂಡು ಹೆಣ್ಣು ಬೇರೆ ಬೇರೆ, ಬೆಳೆಯೋದು ಬಹಳ ನಿಧಾನ. ಕಡಿದು ಕಡಿದು ಈಗ ಕಾಡಲ್ಲಿ ಹುಡುಕಬೇಕು. ಅದಿನ್ನೂ ಹಗ್ಗ ಕಟ್ಟಿ ಇಳಿಯೋ ಕಾಲದಲ್ಲೇ ಇದೆ, ಬೆಳೆಗಾರ ಹುಟ್ಟಿಲ್ಲ.

ಹಾಗಾಗಿ ನಾಳೆ ಯಾರಾದರೂ ಔಷಧಿ ಸಸಿ ಹಿಡಿದು ಬಂದರೆ ಶಿಹು ಕತೆ ಇಟ್ಟುಕೊಂಡು ನಾಲ್ಕು ಮಾತು ಕೇಳಿ. ಈ ಸಸಿ ನಾವೇ ಮಾಡಿಕೊಳ್ಳಬಹುದಾ, ಇಲ್ಲಾ ಪ್ರತಿ ಸಲ ನಿಮ್ಮ ಹತ್ತಿರವೇ ಬರಬೇಕಾ? ಕೊಯ್ದ ಮೇಲೆ ಒಣಗಿಸೋದು, ಹದ ಮಾಡೋದು ನಮ್ಮ ಅಂಗಳದಲ್ಲಿ ಆಗುತ್ತಾ? ನಮ್ಮ ಮಾಲು ಇದೇ ಜಾತಿ ಅಂತ ಯಾರು, ಯಾವ ಪರೀಕ್ಷೆಯಲ್ಲಿ ಹೇಳ್ತಾರೆ? ನೀವು ತಗೊಳ್ಳದೆ ಹೋದರೆ ನೂರು ಕಿಲೋಮೀಟರ್ ಒಳಗೆ ಬೇರೆ ಯಾರು ತಗೊಳ್ತಾರೆ? ನಾಲ್ಕಕ್ಕೂ ನೆಟ್ಟಗೆ ಉತ್ತರ ಬಂದರೆ ಹತ್ತು ಗುಂಟೆಯಲ್ಲಿ ಹಾಕಿ ನೋಡಿ. ಬರದಿದ್ದರೆ ಕಾಫಿ ಕೊಟ್ಟು ಕಳಿಸಿ.

ಇನ್ನೊಂದು ಮಾತು. ಇದನ್ನ ಓದಿ ಯಾರೂ ಕಾಡಿಂದ ಸೀತಾಳೆ ಕಿತ್ತು ತರಬೇಡಿ. ಎಲ್ಲಾ ಆರ್ಕಿಡ್‌ಗಳೂ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಪರವಾನಗಿ ಇಲ್ಲದೆ ದೇಶ ದಾಟಿಸೋ ಹಾಗಿಲ್ಲ. ಹಲಸಿನ ಮರದ ಮೇಲೆ ತಾನಾಗಿ ಬಂದದ್ದು ಅಲ್ಲೇ ಇರಲಿ.